ನಮ್ಮ ಅವ್ವನ ಮನೆಯಲ್ಲಿ ಉಂಡವರು ಬರೆಯಿರಿ: ವರ್ಷದ ಪುಣ್ಯಸ್ಮರಣೆಗೆ ಒಂದು ಪುಸ್ತಕ ಮಾಡಬೇಕು

ಬ್ರಹ್ಮಪುರದ ಮಗ:

ಎಲ್ಲರಿಗೂ ಶರಣು. ಬರುವ ಜಾತ್ರೆ ಹೊತ್ತಿಗೆ ನಮ್ಮ ಅವ್ವ ತೀರಿಕೊಂಡು ಒಂದು ವರ್ಷ ಆಗುತ್ತದೆ. ತೊಂಬತ್ತು ದಾಟಿದ ಜೀವ. ಹುಟ್ಟಿದ ತಾರೀಖು ಯಾರೂ ಬರೆದಿಟ್ಟಿಲ್ಲ. ರಜಾಕಾರರ ಗದ್ದಲ ಆದಾಗ ತನಗೆ ಹದಿನೈದರ ಆಸುಪಾಸು ಅಂತ ಹೇಳುತ್ತಿದ್ದಳು. 1948ರ ಸೆಪ್ಟೆಂಬರ್ 17ಕ್ಕೆ ನಮ್ಮ ಭಾಗ ನಿಜಾಮನ ಕೈಯಿಂದ ಬಿಡುಗಡೆ ಆಯಿತಲ್ಲ, ಅದರಿಂದಲೇ ನಾವು ಅವಳ ವಯಸ್ಸು ಎಣಿಸುತ್ತಿದ್ದೆವು.

ಮನೆಯಲ್ಲಿ ಈಗ ದಿನಾ ಇದೇ ಮಾತು. ಕಲ್ಯಾಣ ಮಂಟಪ ಹಿಡಿಯೋಣ, ದೊಡ್ಡವರನ್ನು ಕರೆಸಿ ಮಾತಾಡಿಸೋಣ ಅಂತ ಅಣ್ಣ ಹೇಳುತ್ತಾನೆ. ಅವನದೂ ಪ್ರೀತಿಯೇ. ಆದರೆ ನನ್ನ ಮನಸ್ಸು ಒಪ್ಪುತ್ತಿಲ್ಲ. ಅವ್ವ ಯಾವ ಸಂಘಕ್ಕೂ ಅಧ್ಯಕ್ಷೆ ಆಗಿರಲಿಲ್ಲ. ಅವಳ ಸೇವೆ ನಡೆದದ್ದೆಲ್ಲ ಒಲೆ ಮುಂದೆ. ಬಂದ ದೊಡ್ಡವರು "ಅನ್ನಪೂರ್ಣೆಯಂಥ ತಾಯಿ" ಅಂತಾರೆ, ಶಾಲು ಹೊದ್ದುಕೊಂಡು ಹೋಗ್ತಾರೆ. ಆ ಮನೆ ಹೇಗೆ ನಡೆಯಿತು, ಜೋಳ ಎಲ್ಲಿಂದ ಬಂತು, ಯಾರು ಬಂದು ಉಂಡರು, ಯಾರು ದುಡಿದರು ಅನ್ನೋದು ಹಾಗೇ ಮರೆತು ಹೋಗುತ್ತದೆ. ಅದನ್ನು ಬರೆದಿಡಬೇಕು ಅಂತ ನನಗೆ ತುಂಬಾ ಆಸೆ.

ನನಗೆ ಗೊತ್ತಿರುವಷ್ಟು ಹೇಳುತ್ತೇನೆ. ಅವ್ವನ ತವರು ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿ. ಮದುವೆಯಾಗಿ ಕಲಬುರಗಿಗೆ ಬಂದಳು. ಅಪ್ಪ ಗಂಜಿನಲ್ಲಿ, ಅಂದರೆ ಕಾಳಿನ ಪೇಟೆಯಲ್ಲಿ, ಒಂದು ಅಡತಿ (ದಲಾಲಿ) ಅಂಗಡಿಯ ಲೆಕ್ಕ ಬರೆಯುತ್ತಿದ್ದರು. ಪಗಾರ ಹೆಚ್ಚೇನಿಲ್ಲ. ಹಳ್ಳಿಯ ಹೊಲದಿಂದ ಜೋಳ, ತೊಗರಿ ಬರುತ್ತಿತ್ತು. ಮನೆ ದೊಡ್ಡದಲ್ಲ. ಶಹಾಬಾದ್ ಫರಸಿ ಹಾಸಿದ ಪಡಸಾಲೆ, ಅದರ ಹಿಂದೆ ಅಡುಗೆ ಮನೆ, ಮುಂದೆ ಅಂಗಳ. ಶರಣಬಸವೇಶ್ವರರ ಜಾತ್ರೆ ಬಂತೆಂದರೆ ಪಡಸಾಲೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯವರು, ಅಫಜಲಪುರದವರು, ಗುರುತು ಪರಿಚಯ ಇಲ್ಲದವರು ಎಲ್ಲ ಬರುತ್ತಿದ್ದರು. ಜಾತ್ರೆ ಇಲ್ಲದಾಗ ಹುಡುಗರು. ಹಳ್ಳಿಯಿಂದ ಓದಲು ಬಂದವರು. ಅವರಾದ ಮೇಲೆ ಆಸ್ಪತ್ರೆಗೆ ಬಂದವರು. ಜಿಲ್ಲಾ ಆಸ್ಪತ್ರೆಯಲ್ಲಿ ಯಾರದೋ ಹೆರಿಗೆ, ಯಾರದೋ ಆಪರೇಷನ್. ರೋಗಿಗೆ ಮಂಚ ಸಿಗುತ್ತದೆ, ಜೊತೆಗೆ ಬಂದವರಿಗೆ? ಅವರ ಡಬ್ಬಿ ನಮ್ಮ ಮನೆಯಿಂದ ಹೋಗುತ್ತಿತ್ತು. ಡಬ್ಬಿ ಹೊರುವ ಕೆಲಸ ನನ್ನದು.

ಬಾಗಿಲಿಗೆ ಬಂದವರಿಗೆ ಅವ್ವ ಹೇಳುತ್ತಿದ್ದ ಮೊದಲ ಮಾತು, "ಮೊದಲ ಕೈಕಾಲ ತೊಳಕೋರಿ, ಮಾತು ಆಮ್ಯಾಲ." ಹೆಸರು, ಊರು ಎಲ್ಲ ಊಟ ಆದ ಮೇಲೆ.

ನೀವು ಉಂಡಿದ್ದರೆ, ನೋಡಿದ್ದರೆ, ನಿಮ್ಮ ಮನೆಯಲ್ಲೂ ಇಂಥ ಹಿರಿಯರು ಇದ್ದಿದ್ದರೆ ಬರೆಯಿರಿ. ಪುಸ್ತಕದಲ್ಲಿ ಏನಿರಬೇಕು ಅಂತಲೂ ಹೇಳಿ.

ಆಳಂದ ನಾಕಾ:

ಈ ಮನೆ ನನಗೆ ಗೊತ್ತು. ಓದುತ್ತಿದ್ದ ಹಾಗೆ ಕಣ್ಣು ತುಂಬಿ ಬಂತು.

ಎಪ್ಪತ್ತರ ದಶಕದ ಕೊನೆಗೆ ನಾನು ಪಿಯುಸಿ ಓದಲು ಕಲಬುರಗಿಗೆ ಬಂದೆ. ಆಗ ವಾರಾನ್ನದ ಪದ್ಧತಿ ಇನ್ನೂ ಅಲ್ಲಲ್ಲಿ ಇತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ನನಗೆ ನಿಮ್ಮ ಮನೆ ಗುರುವಾರ. ಆದರೆ ಬೇರೆ ಯಾವುದೋ ಮನೆ ತಪ್ಪಿದರೆ ಅವ್ವನಿಗೆ ಹೇಗೋ ಗೊತ್ತಾಗುತ್ತಿತ್ತು. ಹೇಳಿ ಕಳಿಸುತ್ತಿದ್ದರು.

ಪುಸ್ತಕದಲ್ಲಿ ಇದೊಂದನ್ನು ಖಂಡಿತ ಬರೆಯಿರಿ. ನಮ್ಮ ಅಪ್ಪ ಒಮ್ಮೆ ಹಳ್ಳಿಯಿಂದ ಬಂದು ಅವ್ವನ ಕೈಗೆ ರೊಕ್ಕ ಕೊಡಲು ಹೋದ. ಅವರು ಮುಟ್ಟಲಿಲ್ಲ. "ನಿಮ್ಮ ಹೊಲದಾಗ ಏನ ಬೆಳೀತೀರಿ?" ಅಂತ ಕೇಳಿದರು. ತೊಗರಿ ಅಂದ. "ಹಂಗಾದ್ರ ರಾಶಿ ಆದ ಮ್ಯಾಲ ಒಂದ ಚೀಲದಾಗ ಸ್ವಲ್ಪ ತೊಗರಿ ತರ್ರಿ, ಬ್ಯಾಳಿ ನಾವು ಒಡೀತೀವಿ" ಅಂದರು. ಹಾಗೇ ಆಯಿತು. ಒಬ್ಬರ ಮನೆಯಿಂದ ಶೇಂಗಾ, ಇನ್ನೊಬ್ಬರ ಮನೆಯಿಂದ ಬೆಲ್ಲ, ಏನೂ ಇಲ್ಲದವರ ಮನೆಯಿಂದ ಪುಂಡಿ ಸೊಪ್ಪಿನ ಕಟ್ಟು. ಯಾರ ಮನೆಯಿಂದ ಎಷ್ಟು ಬಂತು ಅಂತ ಹುಡುಗರ ಮುಂದೆ ಒಂದು ದಿನವೂ ಹೇಳಲಿಲ್ಲ. ಹಾಗಾಗಿ ನಾವು ಯಾರೂ ಪುಕ್ಕಟೆ ಉಣ್ಣುತ್ತಿದ್ದೇವೆ ಅಂತ ತಲೆ ತಗ್ಗಿಸಬೇಕಾಗಿ ಬರಲಿಲ್ಲ. ಊಟ ಹಾಕುವವರು ಬಹಳ ಜನ ಇದ್ದರು. ಉಣ್ಣುವವನ ಮರ್ಯಾದೆ ಉಳಿಸಿ ಹಾಕುವವರು ಕಡಿಮೆ.

ಶಹಾಪುರ ಬಸ್:

ನಮ್ಮ ಸೋದರತ್ತೆಯೂ ಹೀಗೇ ಇದ್ದರು, ಯಾದಗಿರಿಯಲ್ಲಿ. ಒಂದು ಫೋಟೊ ಕೂಡ ಇಲ್ಲ ನಮ್ಮ ಹತ್ತಿರ. ನೀವು ಬರೆಯಿರಿ ಅಣ್ಣಾ, ತಡ ಮಾಡಬೇಡಿ.

ಹಳೇ ಗಂಜ್:

ನಾನು ಆ ಮನೆಯಲ್ಲಿ ಉಂಡಿಲ್ಲ. ಆದರೆ ಊರಿನ ಹಿನ್ನೆಲೆ ಸ್ವಲ್ಪ ಸೇರಿಸಿದರೆ ಪುಸ್ತಕಕ್ಕೆ ತೂಕ ಬರುತ್ತದೆ ಅನಿಸುತ್ತದೆ.

ಕಲಬುರಗಿಯಲ್ಲಿ ದಾಸೋಹ ಅಂದರೆ ಗುಡಿಯ ಒಳಗಷ್ಟೇ ನಡೆಯುವುದಲ್ಲ. ಶರಣಬಸವೇಶ್ವರರು 1746ರಲ್ಲಿ ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿದವರು. 1822ರಲ್ಲಿ ಇಲ್ಲಿ ಲಿಂಗೈಕ್ಯರಾದರು. ಅವರು ಸಂಸಾರಿ, ಒಕ್ಕಲುತನ ಮಾಡಿದವರು. ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ, ತಿನ್ನಿರಿ ಅಂತ ನೀರಿಟ್ಟರು ಅನ್ನೋ ಕಥೆ ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಮಹಾದಾಸೋಹಿ ಅಂತ ಹೆಸರಾದದ್ದೇ ಊಟ ಹಾಕಿ. ತೇರಿನ ದಿನ ಪೀಠಾಧಿಪತಿಗಳು ಪರುಷ ಬಟ್ಟಲು ಎತ್ತಿ ತೋರಿಸುತ್ತಾರೆ. ಲಕ್ಷಗಟ್ಟಲೆ ಜನ ಉಸಿರು ಬಿಗಿ ಹಿಡಿದು ನೋಡುವುದು ಪ್ರಸಾದದ ಒಂದು ಬಟ್ಟಲನ್ನು. ಅಂಥ ಗುಡಿಯ ನೆರಳಿನಲ್ಲಿ ಬಾಳಿದ ಮನೆಗಳು ಬಾಗಿಲು ಹಾಕಿಕೊಂಡು ಉಣ್ಣಲು ಹೇಗೆ ಸಾಧ್ಯ?

ಇನ್ನೊಂದು ವಿಷಯ ಯಾರೂ ಗಮನಿಸುವುದಿಲ್ಲ. ಹೋಳಿ ಹುಣ್ಣಿಮೆ ಆದ ಐದನೇ ದಿನ ತೇರು. ಅಂದರೆ ಮಾರ್ಚ್ ಸುಮಾರಿಗೆ. ತೊಗರಿ ರಾಶಿ ಸಂಕ್ರಾಂತಿ ಆಸುಪಾಸಿಗೆ ಮುಗಿದಿರುತ್ತದೆ. ಹಿಂಗಾರಿ ಬಿಳಿಜೋಳ ಆಗ ತಾನೇ ಕಣದಿಂದ ಮನೆಗೆ ಬಂದಿರುತ್ತದೆ. ವರ್ಷದಲ್ಲಿ ಒಕ್ಕಲಿಗನ ಮನೆಯಲ್ಲಿ ಕಾಳು ತುಂಬಿ ಕೈ ಬಿಡುವಾಗಿರುವ ಹೊತ್ತು ಅದೊಂದೇ. ಅದಕ್ಕೇ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು, ಬರುವಾಗ ಹೊಸ ಜೋಳ ತರುತ್ತಿದ್ದರು. ನಿಮ್ಮ ಅವ್ವನ ಮನೆಗೆ ಆ ಜೋಳದಲ್ಲಿ ಎಷ್ಟು ಬಂದು ಬೀಳುತ್ತಿತ್ತು, ಅದನ್ನು ಎಲ್ಲಿ ಇಡುತ್ತಿದ್ದರು? ನೆಲದೊಳಗಿನ ಹಗೇವಿನಲ್ಲಾ, ಮನೆಯೊಳಗಿನ ಗುಮ್ಮಿಯಲ್ಲಾ? ಮಳೆಗಾಲದಲ್ಲಿ ಜಾಸ್ತಿ ಜನ ಬಂದರೆ ಏನು ಮಾಡುತ್ತಿದ್ದರು? ಇಂಥದ್ದನ್ನು ಬರೆಯಿರಿ. ಮನೆ ನಡೆಸಿದ ಜಾಣತನ ಇರುವುದು ಅಲ್ಲೇ.

ಬ್ರಹ್ಮಪುರದ ಮಗ:

ಹಳ್ಳಿಯ ಮನೆಯಲ್ಲಿ ಹಗೇವು ಇತ್ತು, ಇಲ್ಲಿ ಗುಮ್ಮಿ. ಹಗೇವು ತೆಗೆದ ಕೂಡಲೇ ಒಳಗೆ ಇಳಿಯಬಾರದು, ಕೆಟ್ಟ ಗಾಳಿ ಹೋಗಲಿ ಅಂತ ಬಾಯಿ ತೆರೆದಿಟ್ಟು ಕಾಯಬೇಕು. ಅದನ್ನೆಲ್ಲ ಅವ್ವ ನಿಂತು ಮಾಡಿಸುತ್ತಿದ್ದಳು. ಜಾತ್ರೆಗೆ ಬಂದವರು ತಂದ ಜೋಳವನ್ನು ಬೇರೆ ಇಡುತ್ತಿದ್ದಳು. ಅದು ಹುಡುಗರ ಮತ್ತು ಆಸ್ಪತ್ರೆಯವರ ಪಾಲು. ಮನೆಯವರ ಊಟಕ್ಕೆ ಅದನ್ನು ಮುಟ್ಟುವ ಹಾಗಿರಲಿಲ್ಲ. ಮಳೆಗಾಲಕ್ಕೆ ಕಡಕ್ ರೊಟ್ಟಿ. ಬೇಸಿಗೆಯಲ್ಲೇ ಬಡಿದು, ಒಣಗಿಸಿ, ಬಿಳಿ ಧೋತರದಲ್ಲಿ ಕಟ್ಟಿ ಬುಟ್ಟಿಯಲ್ಲಿ ಇಟ್ಟಿರುತ್ತಿದ್ದಳು. ಎಷ್ಟು ಹೊತ್ತಿಗೆ ಯಾರು ಬಂದರೂ ರೊಟ್ಟಿ, ಶೇಂಗಾ ಹಿಂಡಿ, ಮೊಸರು ತಯಾರು.

ಸೇಡಂ ಸೊಸೆ:

ಇದನ್ನು ಬರೆಯಲೋ ಬೇಡವೋ ಅಂತ ಬಹಳ ಯೋಚಿಸಿದೆ. ಹಿರಿಯರ ಬಗ್ಗೆ ಗೌರವ ಇಟ್ಟುಕೊಂಡೇ ಬರೆಯುತ್ತಿದ್ದೇನೆ.

ನಾನು ಇಂಥದೇ ಒಂದು ದೊಡ್ಡ ಮನೆಗೆ ಸೊಸೆಯಾಗಿ ಬಂದವಳು. ನಮ್ಮ ಅತ್ತೆಗೂ ಊರೆಲ್ಲ ಅನ್ನಪೂರ್ಣೆ ಅಂತ ಹೆಸರು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ರೊಟ್ಟಿ ಬಡಿಯಲು ಕೂತವರು ನಾವು ಸೊಸೆಯರು. ಬಾಣಂತನ ಆಗಿ ಎದ್ದ ಮೇಲೆ ಬೆನ್ನು ನೆಟ್ಟಗಾಗುವ ಮೊದಲೇ ಒಲೆ ಮುಂದೆ. ಬಂದವರು ಉಂಡು, ಗಂಡಸರು ಉಂಡು, ಮಕ್ಕಳು ಉಂಡು, ಕೊನೆಗೆ ನಮಗೆ ಉಳಿದಿದ್ದು ಎಷ್ಟೋ ಸಲ ಖಾರ ಮತ್ತು ತಣ್ಣನೆ ರೊಟ್ಟಿ. "ನಮ್ಮ ಮನೆಯಿಂದ ಯಾರೂ ಹಸಿದು ಹೋಗಿಲ್ಲ" ಅಂತ ಮಾವ ಹೇಳಿದಾಗಲೆಲ್ಲ ನನಗೆ ನಾವು ಹಸಿದು ಮಲಗಿದ ರಾತ್ರಿ ನೆನಪಾಗುತ್ತಿತ್ತು.

ನಿಮ್ಮ ಅವ್ವ ಒಬ್ಬರೇ ಅಷ್ಟು ಜನಕ್ಕೆ ಮಾಡಲಿಲ್ಲ, ಅಲ್ವಾ? ಯಾರು ಬೀಸಿದರು, ಯಾರು ನೀರು ಸೇದಿದರು, ಯಾರು ಪಾತ್ರೆ ತಿಕ್ಕಿದರು? ಅವರ ಹೆಸರೂ ಪುಸ್ತಕದಲ್ಲಿ ಬರಲಿ. ಇಷ್ಟೇ ನನ್ನ ಮಾತು.

ಆಳಂದ ನಾಕಾ:

ಅಕ್ಕಾ, ನೀವು ಬರೆದದ್ದು ಒಳ್ಳೆಯದಾಯಿತು. ನಾವು ಹುಡುಗರು ತಾಟಿನ ಮುಂದೆ ಕೂತೆವು, ಎದ್ದೆವು. ಒಳಗೆ ಯಾರಿದ್ದರು ಅಂತ ನೋಡಲಿಲ್ಲ. ಬಳೆ ಸದ್ದು ಕೇಳಿಸುತ್ತಿತ್ತು, ಅಷ್ಟೇ ನೆನಪು.

ಬ್ರಹ್ಮಪುರದ ಮಗ:

ನೀವು ಕೇಳಿದ್ದು ಸರಿಯಾದ ಪ್ರಶ್ನೆ. ನಿನ್ನೆ ರಾತ್ರಿ ಅಕ್ಕನಿಗೆ ಫೋನ್ ಮಾಡಿ ಓದಿ ಹೇಳಿದೆ. ಸುಮಾರು ಹೊತ್ತು ಅವಳು ಮಾತಾಡಲಿಲ್ಲ. ಆಮೇಲೆ ಮಾತಾಡಿದ್ದು ರಾತ್ರಿ ಬಹಳ ಹೊತ್ತಿನವರೆಗೆ ನಡೆಯಿತು.

ಅಕ್ಕ ಏಳನೇ ಇಯತ್ತೆಗೆ ಶಾಲೆ ಬಿಟ್ಟಳು. ಮನೆಯಲ್ಲಿ ಕೈ ಸಾಲುತ್ತಿರಲಿಲ್ಲ. ಅದೇ ಪಡಸಾಲೆಯಲ್ಲಿ ಕೂತು ಉಂಡ ಹುಡುಗರು ಇಂಜಿನಿಯರ್ ಆದರು, ಮೇಷ್ಟ್ರಾದರು. ಅವರಿಗೆ ರೊಟ್ಟಿ ಬಡಿದ ಅಕ್ಕನಿಗೆ ಏಳನೇ ಇಯತ್ತೆ. ಹೆಣ್ಣುಮಕ್ಕಳ ಶಾಲೆ ನಮ್ಮ ಊರಲ್ಲಿ ಇರಲಿಲ್ಲ ಅಂತ ಅಲ್ಲ. ಶರಣಬಸವೇಶ್ವರ ಸಂಸ್ಥಾನದ ಹಿಂದಿನ ಪೀಠಾಧಿಪತಿ ದೊಡ್ಡಪ್ಪ ಅಪ್ಪನವರ ಕಾಲದಿಂದಲೂ ಇತ್ತು.

ಅವ್ವನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು ಅಂತ ಅಕ್ಕನೇ ಹೇಳಿದಳು. ಮೊಮ್ಮಕ್ಕಳ ಕಾಲಕ್ಕೆ ಪರೀಕ್ಷೆ ತಿಂಗಳಲ್ಲಿ ಹುಡುಗಿಯರು ಅಡುಗೆ ಮನೆಗೆ ಕಾಲಿಟ್ಟರೆ ಅವ್ವ ಬೈಯುತ್ತಿದ್ದಳು. ಪರೀಕ್ಷೆ ಮಾರ್ಚ್‌ನಲ್ಲಿ, ಜಾತ್ರೆಯೂ ಮಾರ್ಚ್‌ನಲ್ಲಿ. ಎಂಬತ್ತು ದಾಟಿದ ಮೇಲೂ ತಾನೇ ಕೂತು ಬಡಿದಳು, ಮೊಮ್ಮಗಳನ್ನು ಏಳಿಸಲಿಲ್ಲ. ನನ್ನ ಹೆಂಡತಿಗೆ ಸೊಂಟ ನೋವು ಶುರುವಾದಾಗ ರೊಟ್ಟಿ ಮಾಡುವ ಹೆಣ್ಣುಮಗಳನ್ನು ಪಗಾರ ಕೊಟ್ಟು ಇಟ್ಟುಕೊಳ್ಳಿ ಅಂದವಳೂ ಅವ್ವನೇ. ಅಪ್ಪನಿಗೆ ಅದು ಹಿಡಿಸಲಿಲ್ಲ. ಅವ್ವ ಕೇಳಲಿಲ್ಲ.

ಅಕ್ಕನ ಅಧ್ಯಾಯ ಮೊದಲು ಬರುತ್ತದೆ. ಅವಳೇ ಹೇಳುತ್ತಾಳೆ, ಅವಳ ಮಗಳು ಬರೆದುಕೊಳ್ಳುತ್ತಾಳೆ.

ದರ್ಗಾ ಗಲ್ಲಿ:

ಅಸ್ಸಲಾಮು ಅಲೈಕುಂ. ನಿಮ್ಮ ಅವ್ವ ನಮ್ಮ ದಾದಿಗೆ, ಅಂದರೆ ಅಪ್ಪನ ತಾಯಿಗೆ, ಗೆಳತಿ. ಇಬ್ಬರೂ ಒಂದೇ ಬಾವಿಯ ನೀರು ಸೇದಿದವರು.

ನೀವು ಕೇಳಿಯೇ ಇರುತ್ತೀರಿ, ಆದರೂ ಬರೆಯುತ್ತೇನೆ. ರಮ್ಜಾನ್ ಹಬ್ಬಕ್ಕೆ ನಿಮ್ಮ ಮನೆಗೆ ನಮ್ಮ ಮನೆಯಲ್ಲಿ ಮಾಡಿದ ಶೀರ್ ಖುರ್ಮಾ ಬರುತ್ತಿರಲಿಲ್ಲ. ನಿಮ್ಮದು ಲಿಂಗವಂತರ ಮನೆ, ನಮ್ಮ ಪಾತ್ರೆ ಬೇರೆ. ದಾದಿ ಹೊಸ ಬುಟ್ಟಿಯಲ್ಲಿ ಶಾವಿಗೆ, ಖಾರೀಕು, ಗೋಡಂಬಿ, ಸಕ್ಕರೆ ಕಟ್ಟಿ, ಗೌಳಿಗನಿಗೆ ಹೇಳಿ ಹಾಲನ್ನೂ ನೇರ ನಿಮ್ಮ ಮನೆಗೇ ಹಾಕಿಸುತ್ತಿದ್ದಳು. ನಿಮ್ಮ ಅವ್ವ ಅದನ್ನು ತಮ್ಮ ಪಾತ್ರೆಯಲ್ಲಿ ಮಾಡಿ, ದಾದಿಯನ್ನು ಕರೆದು, ಮೊದಲ ಬಟ್ಟಲು ಅವಳಿಗೇ ಕೊಡುತ್ತಿದ್ದರು. ಎಳ್ಳ ಅಮಾವಾಸ್ಯೆಗೆ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ನಮ್ಮ ಮನೆಗೆ ತಪ್ಪದೆ ಬರುತ್ತಿತ್ತು. ಇಬ್ಬರೂ ತಮ್ಮ ತಮ್ಮ ನಿಯಮ ಬಿಡಲಿಲ್ಲ. ಒಬ್ಬರ ನಿಯಮ ಇನ್ನೊಬ್ಬರಿಗೆ ನೋವಾಗದ ಹಾಗೆ ದಾರಿ ಹುಡುಕಿದರು.

ಉರುಸಿನಲ್ಲಿ ಹೈದರಾಬಾದ್ ಕಡೆಯಿಂದ ಬಂದ ಸಂಸಾರಗಳಿಗೆ ಜಾಗ ಸಾಲದಿದ್ದರೆ ದಾದಿ ಹೆಂಗಸರನ್ನು, ಮಕ್ಕಳನ್ನು ನಿಮ್ಮ ಪಡಸಾಲೆಗೆ ಕಳಿಸುತ್ತಿದ್ದಳು. ಇಲ್ಲಿನ ದರ್ಗಾದ ಸೂಫಿ ಸಂತ ಬಂದೇ ನವಾಜರು 1422ರಲ್ಲಿ ತೀರಿಕೊಂಡಾಗ ನೂರರ ಹತ್ತಿರ ವಯಸ್ಸು ಅಂತಾರೆ. ಅವತ್ತಿನಿಂದ ಈ ಊರಿಗೆ ಪರಸ್ಥಳದವರು ಬರುವುದು ನಿಂತಿಲ್ಲ. ಬಂದವರನ್ನು ಮಲಗಿಸಿದ ಪಡಸಾಲೆಗಳ ಲೆಕ್ಕವೂ ಬರಲಿ.

ಔರಾದ್ ರಸ್ತೆ:

ಬೀದರ್‌ನಿಂದ ಓದುತ್ತಿದ್ದೇನೆ. ನಮ್ಮ ಗುರುನಾನಕ್ ಝೀರಾ ಗುರುದ್ವಾರದಲ್ಲಿ ಲಂಗರ್‌ಗೆ (ಎಲ್ಲರೂ ಕೂಡಿ ಉಣ್ಣುವ ಊಟಕ್ಕೆ) ಕೂತಾಗ ನನಗೆ ಇದೇ ಅನಿಸುತ್ತದೆ. ಭಾಲ್ಕಿ ಹಿರೇಮಠದ ಸ್ವಾಮಿಗಳು ಚನ್ನಬಸವ ಪಟ್ಟದ್ದೇವರು ನೂರು ದಾಟಿ ಬದುಕಿ 1999ರಲ್ಲಿ ಲಿಂಗೈಕ್ಯರಾದರು. ನಿಜಾಮನ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ್ದು ಎಲ್ಲರಿಗೂ ಗೊತ್ತು. ಆ ಮಕ್ಕಳ ಊಟಕ್ಕೆ ಊರೂರು ತಿರುಗಿ ಕಾಳು ಬೇಡಿ ತಂದದ್ದನ್ನೂ ನಮ್ಮ ಅಜ್ಜ ಹೇಳುತ್ತಿದ್ದರು. ಕಾಳು ಕೊಟ್ಟದ್ದು ನಿಮ್ಮ ಅವ್ವನಂಥವರೇ.

ಚಿತ್ತಾಪುರ ತಾಲ್ಲೂಕು:

ಒಂದು ಪ್ರಶ್ನೆ. ಜಗಳಕ್ಕಲ್ಲ. "ಯಾರು ಬಂದರೂ ಊಟ" ಅಂತ ಎಲ್ಲರೂ ಬರೆಯುತ್ತಿದ್ದೀರಿ. ಯಾರು ಬಂದರೂ ಅಂದರೆ ಯಾರು? ನಮ್ಮ ಅಪ್ಪನೂ ಹಳ್ಳಿಯಿಂದ ಓದಲು ಬಂದವನೇ. ಅವನು ಉಂಡ ಮನೆಗಳಲ್ಲಿ ಅಂಗಳದಲ್ಲಿ ಕೂತು ಉಂಡ, ತಾಟು ತಾನೇ ತೊಳೆದಿಟ್ಟ. ಕೆಲವು ಮನೆಗೆ ತಾಟನ್ನೂ ತಾನೇ ಒಯ್ಯಬೇಕಿತ್ತು. ನಿಮ್ಮ ಮನೆಯಲ್ಲಿ ಹೇಗಿತ್ತು?

ಬ್ರಹ್ಮಪುರದ ಮಗ:

ನೇರ ಹೇಳುತ್ತೇನೆ. ಅಜ್ಜಿ ಬದುಕಿರುವವರೆಗೆ ನಮ್ಮ ಮನೆಯಲ್ಲೂ ಅಂಗಳದ ಊಟ ಇತ್ತು. ಪಡಸಾಲೆಗೆ ಕೆಲವರು, ಅಂಗಳಕ್ಕೆ ಕೆಲವರು. ಅವ್ವ ಎಳೆ ಸೊಸೆಯಾಗಿ ಹಾಗೇ ಬಡಿಸಿದ್ದಾಳೆ. ಅದನ್ನು ಬಿಟ್ಟು ಬರೆದರೆ ಪುಸ್ತಕ ಸುಳ್ಳಾಗುತ್ತದೆ.

ಅಜ್ಜಿ ಹೋದ ಮೇಲಿನದು ಇದು. ಎಂಬತ್ತರ ದಶಕ. ಅಣ್ಣ ಇಂಜಿನಿಯರಿಂಗ್ ಕಾಲೇಜಿನಲ್ಲಿದ್ದ. ರಜೆಗೆ ಹಾಸ್ಟೆಲ್ ಮುಚ್ಚಿತ್ತು. ಊರಿಗೆ ಹೋಗಲು ರೊಕ್ಕ ಇಲ್ಲದ ಒಬ್ಬ ಗೆಳೆಯನನ್ನು ಕರೆದುಕೊಂಡು ಬಂದ. ಅವತ್ತು ಮನೆ ತುಂಬ ನೆಂಟರು. ಸಾಲಾಗಿ ತಾಟು ಹಾಕಿದ್ದರು. ಹಿರಿಯರೊಬ್ಬರು ಹುಡುಗನ ಊರು ಕೇಳಿದರು, ಓಣಿ ಕೇಳಿದರು. ಎಲ್ಲರಿಗೂ ಅರ್ಥ ಆಯಿತು. ಹುಡುಗ ಎದ್ದು ನಿಂತ. ಅಂಗಳಕ್ಕೆ ಹೋಗಲು ಅವನೇ ತಯಾರಾಗಿದ್ದ, ನನಗೆ ಅದೇ ಇವತ್ತಿಗೂ ಚುಚ್ಚುತ್ತದೆ. ಅವ್ವ ಹೂರಣದ ಹೋಳಿಗೆ ಬುಟ್ಟಿ ಹಿಡಿದುಕೊಂಡೇ ಬಂದಳು. ಅವನ ಭುಜ ಹಿಡಿದು ಕೂಡಿಸಿದಳು. ಹಿರಿಯರ ಕಡೆ ತಿರುಗಿ, "ಉಣ್ಣಾಕ ಕುಂತವರ ಕುಲ ಕೇಳೂದಿದ್ರ ನಮ್ಮನ್ಯಾಗ ಶರಣಪ್ಪನ ಹೆಸರ ತಗೀಬ್ಯಾಡ್ರಿ" ಅಂದಳು. ದನಿ ಎತ್ತಲಿಲ್ಲ.

ಕೆಲವರು ತಾಟು ಬಿಟ್ಟು ಎದ್ದರು. ಆ ಮನೆಗಳವರು ಬಹಳ ವರ್ಷ ನಮ್ಮಲ್ಲಿ ಉಣ್ಣಲಿಲ್ಲ. ಅಕ್ಕನ ಮಗಳ ಮದುವೆ ಸಂಬಂಧದ ಮಾತಿನಲ್ಲೂ ಅದು ಬಂತು. ಅವ್ವ ಮಾತ್ರ ಅವರ ಮನೆಯ ಸಾವು ನೋವಿಗೆ ಬುತ್ತಿ ಕಟ್ಟಿಕೊಂಡು ಹೋಗುವುದು ಬಿಡಲಿಲ್ಲ. ಅಂಗಳದ ಊಟ ಅವತ್ತಿಗೆ ಮುಗಿಯಿತು.

ಚಿತ್ತಾಪುರ ತಾಲ್ಲೂಕು:

ಹೇಳಿದ್ದಕ್ಕೆ ಶರಣು. ಅಂಗಳದ ಕಾಲ, ಪಡಸಾಲೆಯ ಕಾಲ, ಎರಡೂ ಬರೆಯಿರಿ. ಸಮಗಾರ ಹರಳಯ್ಯ, ಬ್ರಾಹ್ಮಣ ಮಧುವರಸರ ಮಕ್ಕಳ ಮದುವೆಗೆ ಕಲ್ಯಾಣದಲ್ಲಿ ಏನಾಯಿತು ಅಂತ ನಾವು ಬಸವ ಜಯಂತಿಗೆ ಭಾಷಣ ಮಾಡ್ತೀವಿ. ಒಂದು ಪಂಕ್ತಿಯಲ್ಲಿ ಒಬ್ಬ ಹೆಣ್ಣುಮಗಳು ಅದನ್ನು ನಡೆಸಿದ್ದು ನನಗೆ ಜಾಸ್ತಿ ಅನಿಸುತ್ತದೆ. ಆ ಗೆಳೆಯ ಈಗ ಎಲ್ಲಿದ್ದಾರೆ? ಅವರಿಂದಲೂ ಬರೆಸಿ.

ಹಳೇ ಗಂಜ್:

1972ರ ಬರದ ಬಗ್ಗೆ ಯಾರೂ ಹೇಳಲಿಲ್ಲ. ಆ ವರ್ಷ ಈ ಮನೆ ಹೇಗೆ ನಡೆಯಿತು?

ಆಳಂದ ನಾಕಾ:

ನಾನು ಬಂದದ್ದು ಆಮೇಲೆ, ಆದರೆ ಅವ್ವ ಹೇಳಿದ್ದು ನೆನಪಿದೆ. ಹಳ್ಳಿ ಹಳ್ಳಿಯೇ ಕೆಲಸ ಹುಡುಕಿಕೊಂಡು ಹೊರಟಿತ್ತು. ಜನ ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದರು. ರೇಷನ್ನಿನಲ್ಲಿ ಕೆಂಪು ಜೋಳ ಬರುತ್ತಿತ್ತು. ಅದಕ್ಕೆ ಜಿಗುಟಿಲ್ಲ, ರೊಟ್ಟಿ ಬಡಿದರೆ ಒಡೆಯುತ್ತಿತ್ತು. ಅವ್ವ ಅದನ್ನು ನುಚ್ಚು ಒಡೆದು ಅಂಬಲಿ ಮಾಡಿದರು. ಆ ವರ್ಷ ಹೋಳಿಗೆ, ಹುಗ್ಗಿ ಎಲ್ಲ ಬಂದ್. ಮನೆಯವರಿಗೂ ಅಂಬಲಿ, ಬಂದವರಿಗೂ ಅಂಬಲಿ. "ಇದ್ದಾಗ ಹೋಳಿಗಿ ಹಾಕೂದು ದೊಡ್ಡದಲ್ಲ" ಅನ್ನುತ್ತಿದ್ದರು.

ಅಫಜಲಪುರದವಳು:

ನಾನು ಚಿಕ್ಕವಳು, ನನ್ನ ನೆನಪು 2020ರದ್ದು. ಆ ಅಕ್ಟೋಬರ್‌ನಲ್ಲಿ ಭೀಮಾ ಹೊಳೆ ಬಂದು ನಮ್ಮ ಊರೆಲ್ಲ ಶಾಲೆಗಳಲ್ಲಿ ಮಲಗಿತ್ತು. ಮೂರನೇ ದಿನಕ್ಕೆ ಕಲಬುರಗಿಯಿಂದ ಒಂದು ಟೆಂಪೋ ಬಂತು. ಧೋತರದಲ್ಲಿ ಕಟ್ಟಿದ ಕಡಕ್ ರೊಟ್ಟಿ, ಹಿಂಡಿ. ಅನ್ನ ತಂದರೆ ಸಂಜೆಗೆ ಹಳಸುತ್ತಿತ್ತು. ಈ ರೊಟ್ಟಿ ವಾರ ಇತ್ತು. ಬ್ರಹ್ಮಪುರದ ಒಬ್ಬ ಅಜ್ಜಿ ಓಣಿಯ ಹೆಂಗಸರನ್ನೆಲ್ಲ ಕೂಡಿಸಿ ಮಾಡಿಸಿದ್ದು ಅಂದರು. ಅದು ನಿಮ್ಮ ಅವ್ವನೇ ಇರಬೇಕು.

ಬ್ರಹ್ಮಪುರದ ಮಗ:

ಹೌದು ತಂಗಿ, ಅವಳೇ. ಆಗ ಕೈ ನಡುಗುತ್ತಿತ್ತು, ಬಡಿಯಲು ಆಗುತ್ತಿರಲಿಲ್ಲ. ಕಟ್ಟೆ ಮೇಲೆ ಕೂತು ಎಣಿಸಿ ಕಟ್ಟು ಕಟ್ಟಿಸಿದಳು. ಕೊರೊನಾ ಇದೆ, ಜನ ಸೇರಿಸಬೇಡ ಅಂತ ನಾವು ಬೇಡಿಕೊಂಡರೂ ಕೇಳಲಿಲ್ಲ. ಮನೆ ಮನೆಗೆ ಹಿಟ್ಟು ಹಂಚಿ, ಅವರವರ ಮನೆಯಲ್ಲೇ ಮಾಡಿಸಿ ತರಿಸಿದಳು.

ಇಲ್ಲಿ ಬಂದದ್ದನ್ನೆಲ್ಲ ಅಣ್ಣನಿಗೆ ಓದಲು ಕೊಟ್ಟೆ. ಎರಡು ದಿನ ಏನೂ ಅನ್ನಲಿಲ್ಲ. ಇವತ್ತು ಬೆಳಿಗ್ಗೆ ಬಂದು, ಮಂಟಪ ಬೇಡ, ಆ ರೊಕ್ಕ ಪುಸ್ತಕಕ್ಕೆ ಹಾಕು ಅಂದ. ಆ ಗೆಳೆಯನ ನಂಬರ್ ಹುಡುಕುವ ಜವಾಬ್ದಾರಿ ಅವನದೇ.

ಪುಣ್ಯಸ್ಮರಣೆ ದಿನ ಊಟ ಮನೆಯಲ್ಲೇ. ಮೊದಲ ಪಂಕ್ತಿಗೆ ಅಕ್ಕ, ನಮ್ಮ ಮನೆಯ ಸೊಸೆಯರು, ರೊಟ್ಟಿ ಮಾಡುವ ಹೆಣ್ಣುಮಗಳು, ಓಣಿಯ ಹೆಂಗಸರು. ಬಡಿಸುವುದು, ತಾಟು ತೊಳೆಯುವುದು ನಾವು ಗಂಡಸರು. ಸೇಡಂ ಅಕ್ಕಾ, ನೀವೂ ಬರಬೇಕು. ಬರೆದು ಕಳಿಸುವವರು ಎಳ್ಳ ಅಮಾವಾಸ್ಯೆ ಒಳಗೆ ಕಳಿಸಿ. ಉರ್ದುವಿನಲ್ಲಿ, ಮರಾಠಿಯಲ್ಲಿ ಬರೆದರೂ ನಡೆಯುತ್ತದೆ, ನಾವು ಕನ್ನಡ ಮಾಡಿಸುತ್ತೇವೆ.

ಸೇಡಂ ಸೊಸೆ:

ಬರುತ್ತೇನೆ. ನಮ್ಮ ವಾರಗಿತ್ತಿಯನ್ನೂ ಕರೆದುಕೊಂಡು ಬರುತ್ತೇನೆ.

ಹಳೇ ಗಂಜ್:

ಒಂದು ಸಲಹೆ. ತೇರಿನ ದಿನ ಆ ಕಡೆ ಗಾಡಿ ಓಡಾಡುವುದು ಬಹಳ ಕಷ್ಟ. ವಯಸ್ಸಾದವರು ದೂರದಿಂದ ನಡೆಯಬೇಕಾಗುತ್ತದೆ. ತಿಥಿ ಅದೇ ದಿನ ಬಿದ್ದರೆ ಊಟ ಬೆಳಿಗ್ಗೆ ಬೇಗ ಇಟ್ಟುಕೊಳ್ಳಿ, ಇಲ್ಲವಾದರೆ ದೂರದವರನ್ನು ಹಿಂದಿನ ದಿನವೇ ಕರೆಸಿ. ಮಲಗಲು ನಿಮ್ಮ ಪಡಸಾಲೆ ಸಾಲದಿದ್ದರೆ ನಮ್ಮ ಮನೆಯ ಮಾಳಿಗೆ ಇದೆ.